ಆಫೀಸ್ ಕಂಪ್ಯೂಟರ್‌ಗೆ ಹೊರಗಿನಿಂದ ಕನೆಕ್ಟ್ ಆಗುವುದು ಹೇಗೆ: ವೈರ್‌ಗಾರ್ಡ್ ಮತ್ತು ರಿಮೋಟ್ ಡೆಸ್ಕ್‌ಟಾಪ್ ಸಮಗ್ರ ಮಾರ್ಗದರ್ಶಿ

ಆಫೀಸಿನ ಕಂಪ್ಯೂಟರನ್ನು ಮನೆಯಿಂದ ಬಳಸಬೇಕು ಅಂದಾಗ ಹೆಚ್ಚಿನವರಿಗೆ ಮೊದಲು ಸಿಗುವ ಸಲಹೆ ಒಂದೇ: ರೂಟರ್‌ನಲ್ಲಿ 3389 ಪೋರ್ಟ್ ತೆರೆದುಬಿಡಿ, ಮುಗೀತು. ದಯವಿಟ್ಟು ಹಾಗೆ ಮಾಡಬೇಡಿ. ಪೋರ್ಟ್ ಅಂದರೆ ನೆಟ್‌ವರ್ಕ್‌ನಲ್ಲಿ ಒಂದೊಂದು ಸೇವೆಗೂ ಇರುವ, ನಂಬರ್ ಹಾಕಿದ ಬಾಗಿಲು. 3389 ಅಂದರೆ ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್ (ದೂರದ ಕಂಪ್ಯೂಟರ್‌ನ ಪರದೆಯನ್ನು ಇಲ್ಲೇ ತೋರಿಸಿ ಬಳಸಲು ಬಿಡುವ ಸೌಲಭ್ಯ) ಬಳಸುವ ಪೋರ್ಟ್. ಇಂಟರ್ನೆಟ್ ಪೂರ್ತಿ ಈ ಪೋರ್ಟನ್ನೇ ಹುಡುಕುತ್ತಾ ತಿರುಗುವ ಬಾಟ್‌ಗಳಿವೆ, ಸಿಕ್ಕಿದ ಕಡೆಯಲ್ಲೆಲ್ಲ ಪಾಸ್‌ವರ್ಡ್ ಊಹಿಸುತ್ತಾ ಕೂರುತ್ತವೆ. ಪೋರ್ಟ್ ನಂಬರ್ ಬದಲಿಸಿದರೆ ಸಾಕು ಅನ್ನುವವರೂ ಇದ್ದಾರೆ. ಅದರಿಂದ ಲಾಗ್‌ನಲ್ಲಿ ಗಲಾಟೆ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ. ಎಲ್ಲಾ ಪೋರ್ಟ್‌ಗಳನ್ನೂ ಸ್ಕ್ಯಾನ್ ಮಾಡುವವರಿಗೆ ಅದು ಲೆಕ್ಕಕ್ಕೇ ಇಲ್ಲ.

ಪಾಸ್‌ವರ್ಡ್ ಗಟ್ಟಿಯಾಗಿದ್ದರೂ ಸಾಲದು. 2019ರ ಮೇ ತಿಂಗಳಲ್ಲಿ ಹೊರಬಿದ್ದ ಬ್ಲೂಕೀಪ್ ದೋಷ ನೆನಪಿದೆಯಲ್ವಾ? ವಿಂಡೋಸ್ 7 ಮತ್ತು ಅದಕ್ಕಿಂತ ಹಳೆಯ ಕಂಪ್ಯೂಟರ್‌ಗಳಲ್ಲಿ ರಿಮೋಟ್ ಡೆಸ್ಕ್‌ಟಾಪ್ ತೆರೆದಿದ್ದರೆ ಪಾಸ್‌ವರ್ಡೇ ಇಲ್ಲದೆ ಒಳಗೆ ನುಗ್ಗಬಹುದಿತ್ತು. ವಿಷಯ ಎಷ್ಟು ಗಂಭೀರವಾಗಿತ್ತೆಂದರೆ, ಬೆಂಬಲ ನಿಲ್ಲಿಸಿ ವರ್ಷಗಳೇ ಆಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ ಬಿಡಬೇಕಾಯಿತು.

ಹಾಗಾಗಿ ಇಲ್ಲಿ ಹೇಳುವ ದಾರಿ ಬೇರೆ. ಹೊರಗಿನವರಿಗೆ ಕಾಣಿಸುವುದು ವಿಪಿಎನ್ ಒಂದೇ, ಅಂದರೆ ಇಂಟರ್ನೆಟ್ ಮೇಲೆ ಆಫೀಸಿನವರೆಗೆ ಹಾಕಿದ, ಎನ್‌ಕ್ರಿಪ್ಟ್ ಆದ ಖಾಸಗಿ ದಾರಿ. ಆ ವಿಪಿಎನ್ ಒಳಗೆ ಬಂದವರಿಗೆ ಮಾತ್ರ ರಿಮೋಟ್ ಡೆಸ್ಕ್‌ಟಾಪ್ ಸಿಗುತ್ತದೆ, ಅದೂ ಅವರವರ ಕಂಪ್ಯೂಟರ್ ಮಾತ್ರ. ವಿಪಿಎನ್‌ಗೆ ವೈರ್‌ಗಾರ್ಡ್ ಬಳಸುತ್ತೇನೆ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಸಾಫ್ಟ್‌ವೇರ್ ಹಾಕುವುದು ಇದರಲ್ಲಿ ಸುಲಭದ ಭಾಗ. ತಲೆ ತಿನ್ನುವುದು ಎರಡೇ. ಒಂದು ಐಪಿ ವಿಳಾಸಗಳ ಲೆಕ್ಕ, ಇನ್ನೊಂದು ಆಫೀಸ್ ಕಂಪ್ಯೂಟರ್ ನಿದ್ದೆಗೆ ಜಾರುವುದು. ಅದಕ್ಕೇ ಆ ಎರಡರ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಶುರು ಮಾಡುವ ಮೊದಲು

ನಿಮ್ಮ ಆಫೀಸಿಗೆ ಐಟಿ ವಿಭಾಗ ಇದ್ದರೆ ಅವರನ್ನು ಕೇಳದೆ ಇದ್ಯಾವುದನ್ನೂ ಮಾಡಬೇಡಿ. ನಿಮ್ಮ ಟೇಬಲ್ ಕೆಳಗೆ ಗುಟ್ಟಾಗಿ ಒಂದು ವಿಪಿಎನ್ ಡಬ್ಬಿ ಇಟ್ಟರೆ ಅದು ಅವರ ಕಣ್ಣಿಗೆ ದಾಳಿಯಾಗಿಯೇ ಕಾಣುತ್ತದೆ, ಕೆಲಸಕ್ಕೇ ಕುತ್ತು ಬರಬಹುದು. ಐದು, ಹತ್ತು, ಇಪ್ಪತ್ತು ಜನರ ಆಫೀಸಿನಲ್ಲಿ "ಕಂಪ್ಯೂಟರ್ ಗೊತ್ತಿರುವವರು" ಅನ್ನೋ ಒಂದೇ ಕಾರಣಕ್ಕೆ ಈ ಕೆಲಸ ತಲೆ ಮೇಲೆ ಬಿದ್ದಿರುತ್ತದಲ್ಲ, ಅಂಥವರಿಗೆ ಈ ಬರಹ. ಆಗಲೂ ಮಾಲೀಕರಿಂದಲೋ ಮ್ಯಾನೇಜರಿಂದಲೋ ಒಂದು ಇಮೇಲ್ ಒಪ್ಪಿಗೆ ಪಡೆದಿಡಿ.

ಬೇಕಾಗುವುದು ಇಷ್ಟು: ರೂಟರ್‌ನ ಅಡ್ಮಿನ್ ಪಾಸ್‌ವರ್ಡ್, ಆಫೀಸ್ ಕಂಪ್ಯೂಟರ್‌ಗಳ ಅಡ್ಮಿನ್ ಖಾತೆ, ವೈರ್‌ಗಾರ್ಡ್ ಓಡಿಸಲು ಒಂದು ಜಾಗ. ಇದಲ್ಲದೆ ಆಫೀಸಿನಲ್ಲೇ ಕೂತು ಕೆಲಸ ಮಾಡಲು ಅರ್ಧ ದಿನ ಬಿಡುವು. ಹೊರಗಿನಿಂದ ಕೂತು ಆಫೀಸಿನ ರೂಟರ್ ಸೆಟ್ಟಿಂಗ್ ಬದಲಿಸಲು ಹೋಗಬೇಡಿ. ಒಂದು ತಪ್ಪು ಕ್ಲಿಕ್ ಆದರೆ ನೀವೇ ಹೊರಗೆ.

ಹೆಜ್ಜೆ 1: ಐಪಿ ವಿಳಾಸಗಳ ಲೆಕ್ಕ

ಇದನ್ನು ಎಲ್ಲರೂ ಬಿಟ್ಟು ಮುಂದೆ ಹೋಗುತ್ತಾರೆ, ಆಮೇಲೆ ಎರಡು ದಿನ ಒದ್ದಾಡುತ್ತಾರೆ.

ಸಮಸ್ಯೆ ಹೀಗಿದೆ. ಅಂಗಡಿಯಿಂದ ತಂದ ರೂಟರ್ ಹೆಚ್ಚಾಗಿ 192.168.0 ಅಥವಾ 192.168.1 ಅನ್ನೋ ವಿಳಾಸಗಳನ್ನೇ ಹಂಚುತ್ತದೆ. ಆಫೀಸಿನಲ್ಲೂ ಅದೇ, ಮನೆಯಲ್ಲೂ ಅದೇ. ಈಗ ನೀವು ಮನೆಯಲ್ಲಿ ಕೂತು 192.168.1.20 ಅಂತ ಆಫೀಸ್ ಕಂಪ್ಯೂಟರನ್ನು ಕರೆದರೆ ಲ್ಯಾಪ್‌ಟಾಪ್ ಅದನ್ನು ಮನೆಯೊಳಗೇ ಹುಡುಕುತ್ತದೆ, ಯಾಕೆಂದರೆ ಅದರ ಪಾಲಿಗೆ ಆ ವಿಳಾಸ ಇಲ್ಲೇ ಪಕ್ಕದಲ್ಲಿದೆ. ವಿಪಿಎನ್ ಹಸಿರು ದೀಪ ತೋರಿಸುತ್ತಿರುತ್ತದೆ, ಕನೆಕ್ಷನ್ ಮಾತ್ರ ಆಗುವುದಿಲ್ಲ.

ಪರಿಹಾರ: ಆಫೀಸಿನ ನೆಟ್‌ವರ್ಕನ್ನು ಯಾರೂ ಸಾಮಾನ್ಯವಾಗಿ ಬಳಸದ ವಿಳಾಸಗಳಿಗೆ ಬದಲಿಸಿ. ಖಾಸಗಿ ಬಳಕೆಗೆಂದು ಮೀಸಲಿಟ್ಟ ಮೂರು ಗುಂಪುಗಳಿವೆ: 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು, ಮತ್ತೆ 192.168ರವು. ನಾನು ಈ ಬರಹದುದ್ದಕ್ಕೂ ಆಫೀಸಿಗೆ 10.37.20.0/24, ವಿಪಿಎನ್‌ಗೆ 10.99.0.0/24 ಅಂತ ಇಟ್ಟುಕೊಳ್ಳುತ್ತೇನೆ. ಕೊನೆಯ /24 ಅಂದರೆ ಮೊದಲ ಮೂರು ಅಂಕಿ ಒಂದೇ ಆಗಿರುವ ಇಡೀ ಗುಂಪು, /32 ಅಂದರೆ ಒಂದೇ ವಿಳಾಸ. ನಿಮ್ಮದು ಬೇರೆ ಇರಲಿ. 10.0.0 ಮತ್ತು 10.0.1 ಕೂಡ ಕೆಲವು ರೂಟರ್‌ಗಳ ಡೀಫಾಲ್ಟ್, ಅವು ಬೇಡ.

ವಿಳಾಸ ಬದಲಿಸುವಾಗ ಪ್ರಿಂಟರ್, ಸಿಸಿಟಿವಿ ರೆಕಾರ್ಡರ್, ಫೈಲ್ ಸರ್ವರ್ ಇವೆಲ್ಲ ಕೈಯಿಂದ ಹಾಕಿದ ಐಪಿಯಲ್ಲಿ ಇದ್ದರೆ ಅವೂ ಬದಲಾಗಬೇಕು. ಅದಕ್ಕೇ ಆಫೀಸ್ ಮುಗಿದ ಮೇಲೋ ರಜಾ ದಿನವೋ ಮಾಡಿ. ಬದಲಿಸಲು ಆಗುವುದೇ ಇಲ್ಲ ಅನ್ನೋ ಪರಿಸ್ಥಿತಿ ಇದ್ದರೆ ಒಂದು ಉಪಾಯ ಇದೆ, ಹೆಜ್ಜೆ 5ರಲ್ಲಿ ಹೇಳುತ್ತೇನೆ.

ಆಮೇಲೆ, ಹೊರಗಿನಿಂದ ಬಳಸುವ ಪ್ರತಿ ಕಂಪ್ಯೂಟರ್‌ಗೂ ಐಪಿ ಖಾಯಂ ಮಾಡಿ. ಕಂಪ್ಯೂಟರ್‌ನಲ್ಲಿ ಕೈಯಿಂದ ಹಾಕುವುದಕ್ಕಿಂತ ರೂಟರ್‌ನಲ್ಲೇ ಡಿಎಚ್‌ಸಿಪಿ ರಿಸರ್ವೇಶನ್ (ಈ ಕಂಪ್ಯೂಟರ್‌ಗೆ ಯಾವಾಗಲೂ ಇದೇ ಐಪಿ ಕೊಡು ಅನ್ನೋ ಸೂಚನೆ) ಮಾಡುವುದು ಒಳ್ಳೆಯದು, ಎಲ್ಲಾ ಒಂದೇ ಕಡೆ ಕಾಣುತ್ತದೆ. ಒಂದು ಶೀಟ್‌ನಲ್ಲಿ ಬರೆದಿಡಿ: ಯಾರ ಕಂಪ್ಯೂಟರ್, ಯಾವ ಐಪಿ, ಮ್ಯಾಕ್ ವಿಳಾಸ ಏನು. ಮ್ಯಾಕ್ ವಿಳಾಸ ಅಂದರೆ ನೆಟ್‌ವರ್ಕ್ ಕಾರ್ಡ್‌ನ ಗುರುತಿನ ನಂಬರ್, ಅದು ಆಮೇಲೆ ಬೇಕಾಗುತ್ತದೆ.

ಹೆಜ್ಜೆ 2: ಹೊರಗಿನಿಂದ ಆಫೀಸ್ ಕಾಣಿಸುತ್ತದೆಯೇ?

ರೂಟರ್ ಪೇಜ್ ತೆರೆದು ವ್ಯಾನ್ ಐಪಿ, ಅಂದರೆ ರೂಟರ್‌ನ ಇಂಟರ್ನೆಟ್ ಕಡೆಯ ವಿಳಾಸ, ಏನಿದೆ ನೋಡಿ. ಆಮೇಲೆ ಬ್ರೌಸರ್‌ನಲ್ಲಿ ನಿಮ್ಮ ಪಬ್ಲಿಕ್ ಐಪಿ ತೋರಿಸುವ ಯಾವುದಾದರೂ ತಾಣ ತೆರೆದು ನೋಡಿ. ಎರಡೂ ಒಂದೇ ಆಗಿದ್ದರೆ ಒಳ್ಳೆಯದು, ಮುಂದೆ ಹೋಗಿ.

ಬೇರೆ ಬೇರೆ ಇದ್ದರೆ, ಅದರಲ್ಲೂ ವ್ಯಾನ್ ಐಪಿ 100.64ರಿಂದ 100.127ರ ನಡುವೆ ಇದ್ದರೆ, ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಒಂದೇ ಪಬ್ಲಿಕ್ ಐಪಿಯನ್ನು ಇಂಟರ್ನೆಟ್ ಕಂಪನಿ ಹಲವು ಗ್ರಾಹಕರಿಗೆ ಹಂಚಿದೆ. ಇಂಥ ಕಡೆ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಒಂದು ಪೋರ್ಟ್‌ಗೆ ಬಂದದ್ದನ್ನು ರೂಟರ್ ಒಳಗಿನ ಒಂದು ಸಾಧನಕ್ಕೆ ದಾಟಿಸುವುದು) ಮಾಡಿ ಪ್ರಯೋಜನವೇ ಇಲ್ಲ, ಹೊರಗಿನಿಂದ ಬಂದ ಪ್ಯಾಕೆಟ್, ಅಂದರೆ ಡೇಟಾದ ತುಣುಕು, ನಿಮ್ಮ ರೂಟರ್‌ವರೆಗೆ ಬರುವುದೇ ಇಲ್ಲ. ವ್ಯಾನ್ ಐಪಿ 192.168 ಅಥವಾ 10ರಿಂದ ಶುರುವಾದರೆ ಬಹುಶಃ ನಿಮ್ಮ ರೂಟರ್ ಮುಂದೆ ಇನ್ನೊಂದು ರೂಟರೋ ಮೋಡೆಮ್ಮೋ ಇದೆ. ಅದನ್ನು ಬ್ರಿಡ್ಜ್ ಮೋಡ್‌ಗೆ (ಪಬ್ಲಿಕ್ ಐಪಿಯನ್ನು ತಾನು ಇಟ್ಟುಕೊಳ್ಳದೆ ನಿಮ್ಮ ರೂಟರ್‌ಗೆ ದಾಟಿಸುವ ಹಾಗೆ) ಹಾಕಿ, ಇಲ್ಲವೇ ಎರಡರಲ್ಲೂ ಫಾರ್ವರ್ಡ್ ಮಾಡಿ.

ಸಿಜಿನ್ಯಾಟ್ ಆಗಿದ್ದರೆ ಮೂರು ದಾರಿ. ಇಂಟರ್ನೆಟ್ ಕಂಪನಿಯಿಂದ ಸ್ಟ್ಯಾಟಿಕ್, ಅಂದರೆ ಬದಲಾಗದ, ಪಬ್ಲಿಕ್ ಐಪಿ ಕೇಳಿ ಪಡೆಯುವುದು. ಬಾಡಿಗೆಗೆ ಒಂದು ಸಣ್ಣ ಕ್ಲೌಡ್ ಸರ್ವರ್ ತೆಗೆದುಕೊಂಡು ಆಫೀಸು, ಮನೆ ಎರಡನ್ನೂ ಅಲ್ಲಿಗೆ ವೈರ್‌ಗಾರ್ಡ್ ಮೂಲಕ ಸೇರಿಸುವುದು. ಇಲ್ಲವೇ ಟೇಲ್‌ಸ್ಕೇಲ್ ಥರದ ಸೇವೆ ಬಳಸುವುದು. ಟೇಲ್‌ಸ್ಕೇಲ್ ಒಳಗಡೆ ಬಳಸುವುದೂ ವೈರ್‌ಗಾರ್ಡನ್ನೇ, ಆದರೆ ಪೋರ್ಟ್ ತೆರೆಯುವ ಗೋಜಿಲ್ಲದೆ ಎರಡೂ ಕಡೆಯಿಂದ ಕೈ ಚಾಚಿ ದಾರಿ ಮಾಡಿಕೊಳ್ಳುತ್ತದೆ, ಆಗದಿದ್ದರೆ ತನ್ನ ರಿಲೇ ಸರ್ವರ್ ಮೂಲಕ ಸಾಗಿಸುತ್ತದೆ. ಇಬ್ಬರು ಮೂವರು ಮಾತ್ರ ಇದ್ದರೆ, ಸಿಜಿನ್ಯಾಟ್ ಇರಲಿ ಬಿಡಲಿ, ನಾನಾದರೆ ಅದನ್ನೇ ಹಾಕಿ ಕೈ ತೊಳೆದುಕೊಳ್ಳುತ್ತೇನೆ. ಯಾರು ಯಾರು ಒಳಗೆ ಬರಬಹುದು ಅನ್ನೋ ಲೆಕ್ಕ ಮೂರನೆಯವರ ಸರ್ವರ್‌ನಲ್ಲಿ ಇರುತ್ತದೆ, ಅದು ನಿಮಗೆ ಒಪ್ಪಿಗೆಯಾ ಅಂತ ಮಾತ್ರ ಯೋಚಿಸಿ.

ಪಬ್ಲಿಕ್ ಐಪಿ ಇದೆ, ಆದರೆ ಆಗಾಗ ಬದಲಾಗುತ್ತದೆ ಅಂದರೆ ಡೈನಾಮಿಕ್ ಡಿಎನ್‌ಎಸ್ ಹಾಕಿ. ಹೆಚ್ಚಿನ ರೂಟರ್‌ಗಳಲ್ಲೇ ಆ ಆಯ್ಕೆ ಇರುತ್ತದೆ. ಅದು ನಿಮ್ಮ ಆಫೀಸಿನ ಐಪಿಗೆ ಒಂದು ಹೆಸರು ಕೊಡುತ್ತದೆ, ಐಪಿ ಬದಲಾದಾಗಲೆಲ್ಲ ಆ ಹೆಸರು ಹೊಸ ಐಪಿಯ ಕಡೆ ತಾನೇ ತಿರುಗುತ್ತದೆ.

ಹೆಜ್ಜೆ 3: ಆಫೀಸ್ ಕಂಪ್ಯೂಟರ್ ಸಿದ್ಧ ಮಾಡಿ

ಮೊದಲು ವಿಂಡೋಸ್ ಎಡಿಷನ್ ನೋಡಿ. ವಿಂಡೋಸ್ ಹೋಮ್‌ಗೆ ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬರಲು ಆಗುವುದಿಲ್ಲ. ಪ್ರೊ, ಎಂಟರ್‌ಪ್ರೈಸ್, ಎಜುಕೇಶನ್ ಇವುಗಳಲ್ಲಿ ಆಗುತ್ತದೆ. ಹೋಮ್‌ನಿಂದ ಬೇರೆಯದಕ್ಕೆ ಕನೆಕ್ಟ್ ಆಗಬಹುದು, ಆದ್ದರಿಂದ ಮನೆಯ ಲ್ಯಾಪ್‌ಟಾಪ್ ಹೋಮ್ ಆಗಿದ್ದರೆ ತೊಂದರೆ ಇಲ್ಲ. ಹೋಮ್‌ನಲ್ಲೂ ಇದನ್ನು ಓಡಿಸಿಬಿಡುವ ಪ್ಯಾಚ್‌ಗಳು ಸಿಗುತ್ತವೆ. ಆಫೀಸ್ ಕಂಪ್ಯೂಟರ್‌ಗೆ ಅವು ಬೇಡ: ಲೈಸೆನ್ಸ್‌ಗೆ ವಿರುದ್ಧ, ಅಪ್‌ಡೇಟ್ ಬಂದಾಗಲೆಲ್ಲ ಕೆಟ್ಟು ಕೂರುತ್ತವೆ.

ಸೆಟ್ಟಿಂಗ್ಸ್‌ಗೆ ಹೋಗಿ, ಸಿಸ್ಟಮ್, ಅದರಲ್ಲಿ ರಿಮೋಟ್ ಡೆಸ್ಕ್‌ಟಾಪ್. ಆನ್ ಮಾಡಿ. ಅಲ್ಲೇ ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಶನ್ ಬೇಕು ಅನ್ನೋ ಆಯ್ಕೆ ಟಿಕ್ ಆಗಿರಲಿ. ಅದಿದ್ದರೆ ಲಾಗಿನ್ ಪರದೆ ಬರುವ ಮೊದಲೇ ಗುರುತು ಪರೀಕ್ಷೆ ಆಗುತ್ತದೆ.

ಯಾರು ಬರಬಹುದು ಅನ್ನುವುದಕ್ಕೆ ಅಲ್ಲೇ ಯೂಸರ್ ಸೇರಿಸುವ ಜಾಗ ಇದೆ. ಅಡ್ಮಿನ್ ಖಾತೆಗಳಿಗೆ ಹೇಗೂ ಪ್ರವೇಶ ಇರುತ್ತದೆ. ದಿನದ ಕೆಲಸಕ್ಕೆ ಬಳಸುವ ಖಾತೆ ಸಾಧಾರಣ ಯೂಸರ್ ಆಗಿರಲಿ, ಅದನ್ನು ಮಾತ್ರ ಸೇರಿಸಿ.

ಇಲ್ಲಿ ಬಹಳ ಜನ ಸಿಕ್ಕಿಬೀಳುವ ಒಂದು ಜಾಗ ಇದೆ. ಆಫೀಸ್ ಕಂಪ್ಯೂಟರ್‌ಗೆ ನೀವು ನಾಲ್ಕಂಕಿಯ ಪಿನ್ ಹಾಕಿ ಲಾಗಿನ್ ಆಗುತ್ತಿದ್ದರೆ, ಆ ಪಿನ್ ರಿಮೋಟ್ ಡೆಸ್ಕ್‌ಟಾಪ್‌ಗೆ ನಡೆಯುವುದಿಲ್ಲ. ನಿಜವಾದ ಪಾಸ್‌ವರ್ಡ್ ಬೇಕು. ಮೈಕ್ರೋಸಾಫ್ಟ್ ಖಾತೆಯಾದರೆ ಯೂಸರ್ ಹೆಸರು ಅಂದರೆ ಪೂರ್ತಿ ಇಮೇಲ್ ವಿಳಾಸ. ಇನ್ನೂ ಒಂದು: ಆ ಕಂಪ್ಯೂಟರ್‌ನಲ್ಲಿ ಪಾಸ್‌ವರ್ಡ್ ಹಾಕಿ ಒಮ್ಮೆಯೂ ಲಾಗಿನ್ ಆಗಿರದಿದ್ದರೆ, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ತಪ್ಪು ಅಂತಲೇ ಹೇಳಬಹುದು. ಕಂಪ್ಯೂಟರ್ ಮುಂದೆ ಕೂತು ಒಮ್ಮೆ ಪಾಸ್‌ವರ್ಡ್‌ನಿಂದಲೇ ಲಾಗಿನ್ ಆಗಿ, ಸರಿಹೋಗುತ್ತದೆ.

ಈಗ ಆಫೀಸಿನ ಇನ್ನೊಂದು ಕಂಪ್ಯೂಟರ್‌ನಿಂದ ಇದಕ್ಕೆ ಕನೆಕ್ಟ್ ಆಗಿ ನೋಡಿ. ವಿಂಡೋಸ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್, ಮ್ಯಾಕ್‌ನಲ್ಲಿ ಮೈಕ್ರೋಸಾಫ್ಟ್‌ನ ವಿಂಡೋಸ್ ಆಪ್, ಲಿನಕ್ಸ್‌ನಲ್ಲಿ ರೆಮಿನಾ. ಆಫೀಸಿನ ಒಳಗೇ ಇದು ನಡೆಯದಿದ್ದರೆ ಹೊರಗಿನಿಂದ ನಡೆಯುವ ಮಾತೇ ಇಲ್ಲ. ವಿಪಿಎನ್‌ಗೆ ಹೋಗುವ ಮೊದಲು ಇದನ್ನು ಮುಗಿಸಿಕೊಳ್ಳಿ.

ವಿಂಡೋಸ್ ಪ್ರೊದಲ್ಲಿ ಒಮ್ಮೆಗೆ ಒಬ್ಬರೇ. ನೀವು ಹೊರಗಿನಿಂದ ಬಂದರೆ ಆಫೀಸಿನ ಪರದೆ ಲಾಕ್ ಆಗುತ್ತದೆ. ಮೂರು ಜನ ಒಂದೇ ಕಂಪ್ಯೂಟರ್‌ಗೆ ಬರಬೇಕು ಅಂದರೆ ವಿಂಡೋಸ್ ಸರ್ವರ್ ಮತ್ತು ಅದರ ಲೈಸೆನ್ಸ್ ಬೇಕು, ಅದು ಬೇರೆಯೇ ಕಥೆ.

ಮ್ಯಾಕ್ ಇದ್ದವರು ಸಿಸ್ಟಮ್ ಸೆಟ್ಟಿಂಗ್ಸ್, ಜನರಲ್, ಶೇರಿಂಗ್ ಒಳಗೆ ಸ್ಕ್ರೀನ್ ಶೇರಿಂಗ್ ಆನ್ ಮಾಡಿ, ಪೋರ್ಟ್ 5900. ಲಿನಕ್ಸ್ ಸರ್ವರ್‌ಗಾದರೆ ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ದಾರಿ) ಸಾಕು. ಕೀ ಬಳಸಿ, ಪಾಸ್‌ವರ್ಡ್ ಲಾಗಿನ್ ಬಂದ್ ಮಾಡಿ.

ಹೆಜ್ಜೆ 4: ವೈರ್‌ಗಾರ್ಡ್ ಸರ್ವರ್

ವೈರ್‌ಗಾರ್ಡ್ ಯಾಕೆ? ಅದು ಚಿಕ್ಕದು, ವೇಗವಾಗಿದೆ, 2020ರಲ್ಲಿ ಬಂದ ಲಿನಕ್ಸ್ ಕರ್ನಲ್ 5.6ರಿಂದ ಕರ್ನಲ್ ಒಳಗೇ ಇದೆ. ನನಗೆ ಜಾಸ್ತಿ ಇಷ್ಟವಾಗುವುದು ಅದರ ಮೌನ. ಸರಿಯಾದ ಕೀ ಇಲ್ಲದವರ ಪ್ಯಾಕೆಟ್‌ಗೆ ಅದು ಉತ್ತರವನ್ನೇ ಕೊಡುವುದಿಲ್ಲ, "ನೀನು ಯಾರು" ಅಂತಲೂ ಕೇಳುವುದಿಲ್ಲ. ಸ್ಕ್ಯಾನ್ ಮಾಡುವ ಬಾಟ್‌ಗೆ ಅಲ್ಲಿ ಏನೂ ಇಲ್ಲದಂತೆ ಕಾಣುತ್ತದೆ.

ಇದನ್ನು ಎಲ್ಲಿ ಓಡಿಸಬೇಕು? ಸಾಧ್ಯವಾದರೆ ರೂಟರ್‌ನಲ್ಲೇ. ಓಪನ್‌ಡಬ್ಲ್ಯುಆರ್‌ಟಿ, ಒಪಿಎನ್‌ಸೆನ್ಸ್, ಮೈಕ್ರೋಟಿಕ್‌ನ ರೂಟರ್‌ಒಎಸ್ 7 ಈ ರೂಟರ್ ಸಾಫ್ಟ್‌ವೇರ್‌ಗಳಲ್ಲಿ ಇದೆ, ಬೇರೆ ಕಂಪನಿಗಳ ಹಲವು ಹೊಸ ಮಾಡೆಲ್‌ಗಳಲ್ಲೂ ಬರುತ್ತದೆ. ರೂಟರ್‌ನಲ್ಲಿ ಇಟ್ಟರೆ ಹೋಗುವ ದಾರಿ, ಬರುವ ದಾರಿ ಎರಡೂ ಒಂದೇ ಕಡೆ ಇರುತ್ತದೆ. ರೂಟರ್‌ನಲ್ಲಿ ಇಲ್ಲದಿದ್ದರೆ ರಾಸ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಅಥವಾ ಯಾವುದಾದರೂ ಹಳೆಯ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿ, ಅದರಲ್ಲಿ ಓಡಿಸಿ. ನಮ್ಮ ಉದಾಹರಣೆಯಲ್ಲಿ ಅದರ ಐಪಿ 10.37.20.5. ವಿಂಡೋಸ್ ಮೇಲೂ ಸರ್ವರ್ ಥರ ಓಡಿಸಬಹುದು, ಆದರೆ ಪ್ಯಾಕೆಟ್ ಮುಂದಕ್ಕೆ ಸಾಗಿಸುವ ಕೆಲಸಕ್ಕೆ ಅದು ಸುಮ್ನೆ ತಲೆನೋವು.

ಸರ್ವರ್ ಕಡೆ ಮಾಡಬೇಕಾದದ್ದು ಹೀಗೆ:

ಕೀ ಜೋಡಿ ಮಾಡಿ. ಪ್ರತಿ ಸಾಧನಕ್ಕೂ ಒಂದು ಪ್ರೈವೇಟ್ ಕೀ, ಒಂದು ಪಬ್ಲಿಕ್ ಕೀ. ಪ್ರೈವೇಟ್ ಕೀ ಆ ಸಾಧನ ಬಿಟ್ಟು ಎಲ್ಲಿಗೂ ಹೋಗಬಾರದು. ಪಬ್ಲಿಕ್ ಕೀ ಯಾರಿಗೆ ಗೊತ್ತಾದರೂ ಪರವಾಗಿಲ್ಲ.

ವೈರ್‌ಗಾರ್ಡ್‌ನ ಕಾನ್ಫಿಗ್ ಫೈಲ್‌ನಲ್ಲಿ, ಇಂಟರ್‌ಫೇಸ್ ಭಾಗದಲ್ಲಿ ಸರ್ವರ್‌ನ ಪ್ರೈವೇಟ್ ಕೀ, ವಿಳಾಸ 10.99.0.1/24, ಲಿಸನ್ ಪೋರ್ಟ್ 51820 ಹಾಕಿ. ಈ ಪೋರ್ಟ್ ಬೇರೆ ಬೇಕಾದರೂ ಇಡಬಹುದು.

ಪ್ರತಿಯೊಬ್ಬರಿಗೂ ಒಂದೊಂದು ಪಿಯರ್ (ಆ ತುದಿಯ ಸಾಧನ) ಭಾಗ ಸೇರಿಸಿ. ಅದರಲ್ಲಿ ಅವರ ಪಬ್ಲಿಕ್ ಕೀ, ಮತ್ತೆ ಅಲೌಡ್ ಐಪಿಸ್ ಅನ್ನೋ ಕಡೆ ಅವರಿಗೆ ಕೊಟ್ಟ ಒಂದೇ ವಿಳಾಸ, ಉದಾಹರಣೆಗೆ 10.99.0.11/32. ಕೊನೆಯ 32 ಮರೆಯಬೇಡಿ. ಇಬ್ಬರಿಗೆ ಅಪ್ಪಿತಪ್ಪಿ ಒಂದೇ ವಿಳಾಸ ಕೊಟ್ಟರೆ ಕೊನೆಗೆ ಬರೆದವರಿಗೆ ಅದು ಹೋಗುತ್ತದೆ, ಮೊದಲಿನವರಿಗೆ ಕಾರಣವೇ ತಿಳಿಯದೆ ಕನೆಕ್ಷನ್ ನಿಲ್ಲುತ್ತದೆ. ಒಂದೇ ಕಾನ್ಫಿಗ್ ಫೈಲನ್ನು ಇಬ್ಬರು ಹಂಚಿಕೊಂಡರೂ ಹೀಗೇ, ಒಬ್ಬರು ಬಂದಾಗ ಇನ್ನೊಬ್ಬರು ಬೀಳುತ್ತಾರೆ. ಲ್ಯಾಪ್‌ಟಾಪ್‌ಗೆ ಒಂದು, ಮೊಬೈಲ್‌ಗೆ ಇನ್ನೊಂದು ಅಂತಲೇ ಮಾಡಿ.

ಬೇರೆ ಪೆಟ್ಟಿಗೆಯಲ್ಲಿ ಓಡಿಸುತ್ತಿದ್ದರೆ ಇನ್ನೆರಡು ಕೆಲಸ ಇದೆ. ಲಿನಕ್ಸ್‌ನಲ್ಲಿ ಐಪಿ ಫಾರ್ವರ್ಡಿಂಗ್ (ಒಂದು ನೆಟ್‌ವರ್ಕ್‌ನ ಪ್ಯಾಕೆಟನ್ನು ಇನ್ನೊಂದಕ್ಕೆ ಸಾಗಿಸುವುದು) ಆನ್ ಮಾಡಿ, ರೀಬೂಟ್ ಆದರೂ ಉಳಿಯುವ ಹಾಗೆ. ಆಮೇಲೆ ಮರಳುವ ದಾರಿ. ಆಫೀಸ್ ಕಂಪ್ಯೂಟರ್‌ಗೆ 10.99.0.11ರಿಂದ ಒಂದು ಪ್ಯಾಕೆಟ್ ಬಂತು ಅಂದುಕೊಳ್ಳಿ. ಉತ್ತರ ಎಲ್ಲಿಗೆ ಕಳಿಸಬೇಕು ಅನ್ನೋದು ಅದಕ್ಕೆ ಗೊತ್ತಿಲ್ಲ, ರೂಟರ್‌ಗೆ ಕೊಡುತ್ತದೆ. ರೂಟರ್‌ಗೂ ಗೊತ್ತಿಲ್ಲದಿದ್ದರೆ ಅಲ್ಲಿಗೆ ಮುಗೀತು. ಇದಕ್ಕೆ ಒಂದೋ ರೂಟರ್‌ನಲ್ಲಿ "10.99.0.0/24 ಬೇಕಾದರೆ 10.37.20.5ಕ್ಕೆ ಹೋಗು" ಅಂತ ಸ್ಟ್ಯಾಟಿಕ್ ರೂಟ್ ಬರೆಯಿರಿ, ಇಲ್ಲವೇ ಲಿನಕ್ಸ್ ಪೆಟ್ಟಿಗೆಯಲ್ಲಿ ಮಾಸ್ಕರೇಡ್ ಹಾಕಿ, ಆಗ ಎಲ್ಲರೂ ಆ ಪೆಟ್ಟಿಗೆಯ ಐಪಿಯಿಂದಲೇ ಬಂದ ಹಾಗೆ ಕಾಣುತ್ತಾರೆ. ಸ್ಟ್ಯಾಟಿಕ್ ರೂಟ್ ನೋಡಲು ಚೆಂದ, ಲಾಗ್‌ನಲ್ಲೂ ನಿಜವಾದ ವಿಳಾಸ ಬರುತ್ತದೆ. ಆದರೆ ಹೋಗುವ ಪ್ಯಾಕೆಟ್ ರೂಟರ್ ಮುಟ್ಟದೆ, ಬರುವುದು ಮಾತ್ರ ರೂಟರ್ ಮೂಲಕ ಆಗುವುದರಿಂದ ಕೆಲವು ರೂಟರ್‌ಗಳು ಅನುಮಾನಪಟ್ಟು ಅದನ್ನು ಬಿಸಾಕುತ್ತವೆ. ಸಾಧಾರಣ ರೂಟರ್ ಇದ್ದರೆ ಮಾಸ್ಕರೇಡ್ ಮಾಡಿ, ನೆಮ್ಮದಿಯಾಗಿರಿ.

ಕೊನೆಗೆ ರೂಟರ್‌ನಲ್ಲಿ ಯುಡಿಪಿ 51820 ಅನ್ನು 10.37.20.5ಕ್ಕೆ ಫಾರ್ವರ್ಡ್ ಮಾಡಿ. ಯುಡಿಪಿ, ಟಿಸಿಪಿ ಅಂದರೆ ಡೇಟಾ ಸಾಗಿಸುವ ಎರಡು ವಿಧಾನ, ಇಲ್ಲಿ ಯುಡಿಪಿ ಮಾತ್ರ, ಟಿಸಿಪಿ ಬೇಡ. ಅಲ್ಲೇ ಇದ್ದಾಗ ಯುಪಿಎನ್‌ಪಿ (ಒಳಗಿನ ಸಾಧನಗಳು ತಾವೇ ಪೋರ್ಟ್ ತೆರೆದುಕೊಳ್ಳುವ ಸೌಲಭ್ಯ) ಆನ್ ಆಗಿದ್ದರೆ ಆಫ್ ಮಾಡಿ, ರೂಟರ್‌ನ ಅಡ್ಮಿನ್ ಪೇಜ್ ಇಂಟರ್ನೆಟ್‌ನಿಂದ ತೆರೆಯುವ ಆಯ್ಕೆಯನ್ನೂ ಆಫ್ ಮಾಡಿ. ಹಿಂದೆ ಯಾರೋ 3389 ತೆರೆದಿಟ್ಟಿದ್ದರೆ ಅದನ್ನು ಈಗಲೇ ಅಳಿಸಿ. ವೈರ್‌ಗಾರ್ಡ್ ಹಾಕಿದರೂ ಹಳೆಯ 3389 ಹಾಗೇ ತೆರೆದಿದ್ದರೆ, ಮುಂಬಾಗಿಲಿಗೆ ಹೊಸ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗಾಯಿತು.

ಹೆಜ್ಜೆ 5: ಮನೆಯ ಲ್ಯಾಪ್‌ಟಾಪ್

ವೈರ್‌ಗಾರ್ಡ್ ಆಪ್ ಹಾಕಿ. ಹೊಸ ಟನೆಲ್, ಅಂದರೆ ಆಫೀಸಿಗೆ ಹೋಗುವ ವಿಪಿಎನ್ ದಾರಿ, ಸೇರಿಸಿದರೆ ಕೀ ಜೋಡಿ ತಾನೇ ಆಗುತ್ತದೆ. ಪಬ್ಲಿಕ್ ಕೀ ಮಾತ್ರ ಸರ್ವರ್ ನೋಡಿಕೊಳ್ಳುವವರಿಗೆ ಕಳಿಸಿ. ವಿಳಾಸ 10.99.0.11/32. ಪಿಯರ್ ಭಾಗದಲ್ಲಿ ಸರ್ವರ್‌ನ ಪಬ್ಲಿಕ್ ಕೀ, ಎಂಡ್‌ಪಾಯಿಂಟ್ ಅನ್ನೋ ಕಡೆ ಆಫೀಸಿನ ಪಬ್ಲಿಕ್ ಐಪಿ ಅಥವಾ ಡೈನಾಮಿಕ್ ಡಿಎನ್‌ಎಸ್ ಹೆಸರು, ಮುಂದೆ 51820. ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಅಂತ ಹಾಕಿ. ಅಂದರೆ 25 ಸೆಕೆಂಡಿಗೊಮ್ಮೆ ಒಂದು ಸಣ್ಣ ಪ್ಯಾಕೆಟ್ ಹೋಗುತ್ತದೆ, ಮನೆಯ ರೂಟರ್ ಕನೆಕ್ಷನ್ ಮರೆಯುವುದಿಲ್ಲ.

ಅಲೌಡ್ ಐಪಿಸ್ ಇಲ್ಲಿ ಬೇರೆ ಅರ್ಥ ಕೊಡುತ್ತದೆ: ಯಾವ ಯಾವ ವಿಳಾಸಕ್ಕೆ ಹೋಗುವಾಗ ಟನೆಲ್ ಬಳಸಬೇಕು ಅಂತ. 10.37.20.0/24 ಮತ್ತು ಸರ್ವರ್‌ನ 10.99.0.1/32 ಹಾಕಿದರೆ ಆಫೀಸಿನ ಕೆಲಸ ಮಾತ್ರ ಟನೆಲ್ ಮೂಲಕ ಹೋಗುತ್ತದೆ, ಮಿಕ್ಕಿದ್ದು ಮನೆಯ ಇಂಟರ್ನೆಟ್‌ನಲ್ಲೇ. 0.0.0.0/0 ಹಾಕಿದರೆ ನೀವು ನೋಡುವ ವಿಡಿಯೋ ಕೂಡ ಆಫೀಸಿನ ಲೈನ್ ಸುತ್ತಿ ಬರುತ್ತದೆ. ಹೋಟೆಲ್, ವಿಮಾನ ನಿಲ್ದಾಣದ ವೈಫೈನಲ್ಲಿ ಅದು ಒಳ್ಳೆಯದೇ, ದಿನಾ ಬೇಡ.

ಹೆಜ್ಜೆ 1ರಲ್ಲಿ ಹೇಳಿದ ಉಪಾಯ ಇದೇ ಜಾಗದ್ದು. ಆಫೀಸ್ ವಿಳಾಸ ಬದಲಿಸಲು ಆಗದಿದ್ದರೆ, ಅಲೌಡ್ ಐಪಿಸ್‌ನಲ್ಲಿ ಇಡೀ ನೆಟ್‌ವರ್ಕ್ ಬದಲು ನಿಮಗೆ ಬೇಕಾದ ಒಂದೇ ಕಂಪ್ಯೂಟರ್ ಹಾಕಿ, 192.168.1.20/32 ಅಂತ. ಚಿಕ್ಕ ಗುಂಪಿನ ದಾರಿಗೇ ಮೊದಲ ಆದ್ಯತೆ ಇರುವುದರಿಂದ ಲ್ಯಾಪ್‌ಟಾಪ್ ಆ ಒಂದು ವಿಳಾಸಕ್ಕೆ ಟನೆಲ್ ಹಿಡಿಯುತ್ತದೆ. ಮನೆಯಲ್ಲೂ ಅದೇ ವಿಳಾಸದಲ್ಲಿ ಏನಾದರೂ ಇದ್ದರೆ ಅದು ಕಾಣೆಯಾಗುತ್ತದೆ, ಅಷ್ಟೇ.

ವಿಂಡೋಸ್‌ನಲ್ಲಿ ಒಂದು ಕಿರಿಕಿರಿ. ಅಡ್ಮಿನ್ ಅಲ್ಲದವರಿಗೆ ಟನೆಲ್ ಆನ್ ಮಾಡಲು ಬರುವುದಿಲ್ಲ. ಎಲ್ಲರಿಗೂ ಅಡ್ಮಿನ್ ಹಕ್ಕು ಕೊಡಬೇಡಿ. ಅವರನ್ನು ನೆಟ್‌ವರ್ಕ್ ಕಾನ್ಫಿಗರೇಶನ್ ಆಪರೇಟರ್ಸ್ ಗುಂಪಿಗೆ ಸೇರಿಸಿ, ರಿಜಿಸ್ಟ್ರಿಯಲ್ಲಿ ವೈರ್‌ಗಾರ್ಡ್‌ನ ಲಿಮಿಟೆಡ್ ಆಪರೇಟರ್ ಯುಐ ಅನ್ನೋ ಬೆಲೆಯನ್ನು 1 ಮಾಡಿ. ಆಗ ಆನ್, ಆಫ್ ಮಾಡಲು ಬರುತ್ತದೆ, ಕೀ ನೋಡಲು ಬರುವುದಿಲ್ಲ.

ಹೆಜ್ಜೆ 6: ಪರೀಕ್ಷೆ

ಆಫೀಸಿನ ವೈಫೈನಲ್ಲೇ ಕೂತು ಪರೀಕ್ಷೆ ಮಾಡಬೇಡಿ, ತಪ್ಪು ಉತ್ತರ ಸಿಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಸೇರಿಸಿ, ಆಗ ನೀವು ನಿಜವಾಗಿ ಹೊರಗಿದ್ದ ಹಾಗೆ. ಟನೆಲ್ ಆನ್ ಮಾಡಿ, ಆಪ್‌ನಲ್ಲಿ ಲೇಟೆಸ್ಟ್ ಹ್ಯಾಂಡ್‌ಶೇಕ್ ಅನ್ನೋ ಸಾಲು ನೋಡಿ. "ಆಕ್ಟಿವ್" ಅಂತ ಹಸಿರಾಗಿ ತೋರಿಸುವುದಕ್ಕೆ ಅರ್ಥವೇ ಇಲ್ಲ, ಸರ್ವರ್ ಸತ್ತಿದ್ದರೂ ಅದು ಹಸಿರಾಗೇ ಇರುತ್ತದೆ. ಹ್ಯಾಂಡ್‌ಶೇಕ್ ಸಾಲು ಬಂದರೆ ಮಾತ್ರ ಎರಡೂ ಕಡೆ ಮಾತಾಡಿವೆ ಅಂತ ಅರ್ಥ.

ಹ್ಯಾಂಡ್‌ಶೇಕ್ ಬರದಿದ್ದರೆ ತೊಂದರೆ ಹೊರಗಿದೆ: ಪೋರ್ಟ್ ಫಾರ್ವರ್ಡ್, ಸಿಜಿನ್ಯಾಟ್, ಎಂಡ್‌ಪಾಯಿಂಟ್ ವಿಳಾಸ, ಇಲ್ಲವೇ ಕೀ ಅದಲು ಬದಲು. ಆನ್‌ಲೈನ್ ಪೋರ್ಟ್ ಚೆಕ್ ಮಾಡುವ ತಾಣಗಳನ್ನು ನಂಬಬೇಡಿ, ಹೆಚ್ಚಿನವು ಟಿಸಿಪಿ ಮಾತ್ರ ನೋಡುತ್ತವೆ. ಯುಡಿಪಿ ನೋಡಿದರೂ ವೈರ್‌ಗಾರ್ಡ್ ಉತ್ತರ ಕೊಡುವುದಿಲ್ಲವಲ್ಲ, ಎಲ್ಲಾ ಸರಿ ಇದ್ದರೂ ತೆರೆದಿದೆ ಅಂತ ಅವುಗಳಿಗೆ ಗೊತ್ತಾಗುವುದಿಲ್ಲ.

ಹ್ಯಾಂಡ್‌ಶೇಕ್ ಬಂದಿದ್ದರೆ ಮೊದಲು 10.99.0.1ಕ್ಕೆ ಪಿಂಗ್ ಮಾಡಿ, ಅಂದರೆ ಉತ್ತರ ಬರುತ್ತದೆಯಾ ಅಂತ ತಟ್ಟಿ ನೋಡಿ. ಆಮೇಲೆ ಆಫೀಸ್ ಕಂಪ್ಯೂಟರ್‌ಗೆ, ಅಂದರೆ 10.37.20.51ಕ್ಕೆ. ಮೊದಲನೆಯದು ಬಂದು ಎರಡನೆಯದು ಬರದಿದ್ದರೆ ಫಾರ್ವರ್ಡಿಂಗ್ ಅಥವಾ ಮರಳುವ ದಾರಿ ನೋಡಿ. ಒಂದು ಎಚ್ಚರ: ವಿಂಡೋಸ್ ಫೈರ್‌ವಾಲ್ ಬೇರೆ ನೆಟ್‌ವರ್ಕ್‌ನಿಂದ ಬರುವ ಪಿಂಗ್‌ಗೆ ಉತ್ತರ ಕೊಡದೇ ಇರಬಹುದು, ಆದ್ದರಿಂದ ಪಿಂಗ್ ಬರಲಿಲ್ಲ ಅಂತ ಕೈಬಿಡದೆ ನೇರವಾಗಿ ರಿಮೋಟ್ ಡೆಸ್ಕ್‌ಟಾಪ್ ಪ್ರಯತ್ನಿಸಿ.

ಕನೆಕ್ಟ್ ಆಗುತ್ತದೆ, ಆದರೆ ಪರದೆ ಅರ್ಧ ಬಂದು ನಿಂತುಬಿಡುತ್ತದೆ ಅಂದರೆ ಅದು ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ತಕರಾರು. ವೈರ್‌ಗಾರ್ಡ್ ಸಾಮಾನ್ಯವಾಗಿ 1420 ಬಳಸುತ್ತದೆ. ಕ್ಲೈಂಟ್‌ನಲ್ಲಿ 1280 ಮಾಡಿ ನೋಡಿ. ಇನ್ನು ಕೆಲವು ಸಾರ್ವಜನಿಕ ವೈಫೈಗಳಲ್ಲಿ ಯುಡಿಪಿಯನ್ನೇ ತಡೆಯುತ್ತಾರೆ. ವೈರ್‌ಗಾರ್ಡ್‌ಗೆ ಟಿಸಿಪಿ ಗೊತ್ತೇ ಇಲ್ಲ, ಹಾಗಾಗಿ ಅಲ್ಲಿ ಮೊಬೈಲ್ ಡೇಟಾ ಒಂದೇ ದಾರಿ.

ಹೆಜ್ಜೆ 7: ಅವರವರ ಕಂಪ್ಯೂಟರ್ ಮಾತ್ರ

ಈಗ ಎಲ್ಲಾ ನಡೆಯುತ್ತಿದೆ. ಇಲ್ಲಿಗೇ ನಿಲ್ಲಿಸುವವರು ಜಾಸ್ತಿ. ಆದರೆ ಈ ಕ್ಷಣದಲ್ಲಿ ವಿಪಿಎನ್ ಒಳಗೆ ಬಂದ ಯಾರಾದರೂ ಆಫೀಸಿನ ಪ್ರತಿ ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾ ಎಲ್ಲವನ್ನೂ ಮುಟ್ಟಬಹುದು. ಒಬ್ಬರ ಮನೆಯ ಲ್ಯಾಪ್‌ಟಾಪ್‌ಗೆ ವೈರಸ್ ಬಂದರೆ ಅದಕ್ಕೂ ಅಷ್ಟೇ ದಾರಿ ತೆರೆದಿದೆ.

ಕ್ಲೈಂಟ್‌ನಲ್ಲಿ ಅಲೌಡ್ ಐಪಿಸ್ ಚಿಕ್ಕದು ಮಾಡಿದರೆ ಇದು ತಡೆದ ಹಾಗಲ್ಲ, ಬಳಸುವವರೇ ಅದನ್ನು ಬದಲಿಸಿಕೊಳ್ಳಬಹುದು. ತಡೆ ಸರ್ವರ್‌ನ ಫೈರ್‌ವಾಲ್‌ನಲ್ಲಿ ಇರಬೇಕು. ನಿಯಮ ಸರಳ: 10.99.0.11ರಿಂದ 10.37.20.51ರ 3389ಕ್ಕೆ ಮಾತ್ರ ಬಿಡು, 10.99.0.12ರಿಂದ 10.37.20.52ರ 3389ಕ್ಕೆ ಮಾತ್ರ ಬಿಡು, ವಿಪಿಎನ್‌ನಿಂದ ಬರುವ ಮಿಕ್ಕಿದ್ದೆಲ್ಲ ತಡೆ. ಟಿಸಿಪಿ, ಯುಡಿಪಿ ಎರಡಕ್ಕೂ ದಾರಿ ಬಿಡಿ, ರಿಮೋಟ್ ಡೆಸ್ಕ್‌ಟಾಪ್ ಯುಡಿಪಿ ಸಿಕ್ಕರೆ ಇನ್ನೂ ನಯವಾಗಿ ಓಡುತ್ತದೆ. ವಿಪಿಎನ್‌ನ 11, ಆಫೀಸಿನ 51 ಹೀಗೆ ಅಂಕಿ ಹೊಂದಿಸಿಟ್ಟರೆ ಆಮೇಲೆ ಓದುವವರಿಗೆ ಪುಣ್ಯ ಬರುತ್ತದೆ.

ಜೊತೆಗೆ ಪ್ರತಿ ಆಫೀಸ್ ಕಂಪ್ಯೂಟರ್‌ನ ವಿಂಡೋಸ್ ಫೈರ್‌ವಾಲ್‌ನಲ್ಲೂ ಬಿಗಿ ಮಾಡಿ. ಅಡ್ವಾನ್ಸ್ಡ್ ಸೆಟ್ಟಿಂಗ್ಸ್, ಇನ್‌ಬೌಂಡ್ ರೂಲ್ಸ್, ಅದರಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ ನಿಯಮಗಳು. ಸ್ಕೋಪ್ ಟ್ಯಾಬ್‌ನಲ್ಲಿ ರಿಮೋಟ್ ಐಪಿ 10.99.0.0/24 ಅಂತ ಹಾಕಿ. ಮಾಸ್ಕರೇಡ್ ಮಾಡಿದವರು ಇಲ್ಲಿ 10.37.20.5 ಹಾಕಬೇಕು, ಇಲ್ಲದಿದ್ದರೆ ನಿಮ್ಮನ್ನೇ ಹೊರಗಿಟ್ಟುಕೊಳ್ಳುತ್ತೀರಿ.

ಕ್ಲಿಪ್‌ಬೋರ್ಡ್, ಡ್ರೈವ್ ಹಂಚಿಕೆ ಬಗ್ಗೆಯೂ ಯೋಚಿಸಿ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಮನೆಯ ಡ್ರೈವನ್ನು ಆಫೀಸ್ ಕಂಪ್ಯೂಟರ್‌ಗೆ ತೋರಿಸುವ ಆಯ್ಕೆ ಇದೆ. ಅನುಕೂಲ ಹೌದು, ಆದರೆ ಫೈಲ್ ಹೋಗುವ ದಾರಿಯಲ್ಲೇ ವೈರಸ್ಸೂ ಹೋಗುತ್ತದೆ. ಬೇಕಿಲ್ಲದಿದ್ದರೆ ಆಫ್ ಇರಲಿ.

ಹೆಜ್ಜೆ 8: ನಿದ್ದೆ ಹೋಗುವ ಕಂಪ್ಯೂಟರ್

ಸೋಮವಾರ ಎಲ್ಲಾ ಚೆನ್ನಾಗಿ ನಡೆದು ಮಂಗಳವಾರ ಕನೆಕ್ಟ್ ಆಗಲ್ಲ ಅಂತ ಫೋನ್ ಬಂದರೆ, ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ. ಕಂಪ್ಯೂಟರ್ ಸ್ಲೀಪ್ ಆಗಿದೆ, ಇಲ್ಲವೇ ಯಾರೋ ಅಭ್ಯಾಸಬಲದಿಂದ ಶಟ್‌ಡೌನ್ ಮಾಡಿ ಮನೆಗೆ ಹೋಗಿದ್ದಾರೆ.

ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಅನ್ನೋದನ್ನು ನೆವರ್ ಮಾಡಿ. ಪರದೆ ಆರಲಿ, ಪರವಾಗಿಲ್ಲ. ಲ್ಯಾಪ್‌ಟಾಪ್ ಆಗಿದ್ದರೆ ಮುಚ್ಚಳ ಮುಚ್ಚಿದರೆ ಏನಾಗಬೇಕು ಅನ್ನೋದನ್ನೂ ಬದಲಿಸಿ. ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆ), ಕರೆಂಟ್ ಹೋಗಿ ಬಂದರೆ ತಾನೇ ಆನ್ ಆಗುವ ಆಯ್ಕೆ ಇರುತ್ತದೆ, ಅದನ್ನು ಹುಡುಕಿ ಆನ್ ಮಾಡಿ. ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್‌ಗೆ ಬೂಟ್ ಆಗುವಾಗಲೇ ಪಿನ್ ಕೇಳುವ ಹಾಗೆ ಹಾಕಿದ್ದರೆ ಕಂಪ್ಯೂಟರ್ ಅಲ್ಲೇ ನಿಂತಿರುತ್ತದೆ, ದೂರದಿಂದ ಏನೂ ಮಾಡಲು ಆಗುವುದಿಲ್ಲ.

ಇಡೀ ದಿನ ಆನ್ ಇಡುವುದು ಬೇಡ ಅಂದರೆ ವೇಕ್ ಆನ್ ಲ್ಯಾನ್, ನೆಟ್‌ವರ್ಕ್ ಮೂಲಕ ಕಂಪ್ಯೂಟರ್ ಎಬ್ಬಿಸುವ ಸೌಲಭ್ಯ. ಇದರಲ್ಲಿ ಮ್ಯಾಜಿಕ್ ಪ್ಯಾಕೆಟ್ ಅನ್ನೋದು ಬರುತ್ತದೆ: ಮೊದಲು ಆರು ಬೈಟ್ ಗುರುತು, ಆಮೇಲೆ ಆ ಕಂಪ್ಯೂಟರ್‌ನ ಮ್ಯಾಕ್ ವಿಳಾಸ 16 ಸಲ, ಒಟ್ಟು 102 ಬೈಟ್. ನೆಟ್‌ವರ್ಕ್ ಕಾರ್ಡ್ ಇದನ್ನು ಕಂಡರೆ ಕಂಪ್ಯೂಟರನ್ನು ಎಬ್ಬಿಸುತ್ತದೆ. ಬಯೋಸ್‌ನಲ್ಲಿ ಆನ್ ಮಾಡಬೇಕು, ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಕಾರ್ಡ್‌ಗೂ ಅನುಮತಿ ಕೊಡಬೇಕು, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಬೇಕು. ಕೇಬಲ್ ಹಾಕಿರಲೇಬೇಕು, ವೈಫೈ ನೆಚ್ಚಿಕೊಳ್ಳಬೇಡಿ.

ಇಲ್ಲೊಂದು ಸಿಕ್ಕು. ಮ್ಯಾಜಿಕ್ ಪ್ಯಾಕೆಟ್ ಅಂದರೆ ಬ್ರಾಡ್‌ಕಾಸ್ಟ್ (ನೆಟ್‌ವರ್ಕ್‌ನಲ್ಲಿ ಎಲ್ಲರಿಗೂ ಒಟ್ಟಿಗೆ ಕೂಗಿ ಹೇಳಿದ ಹಾಗೆ), ಅದು ವೈರ್‌ಗಾರ್ಡ್ ಟನೆಲ್ ದಾಟುವುದಿಲ್ಲ. ಮನೆಯಿಂದ ನೇರವಾಗಿ ಕಳಿಸಿದರೆ ತಲುಪುವುದಿಲ್ಲ. ಆಫೀಸಿನ ಒಳಗೇ ಸದಾ ಎದ್ದಿರುವ ಒಂದು ಸಾಧನದಿಂದ ಕಳಿಸಬೇಕು. ನಿಮ್ಮ ರೂಟರ್ ಅಥವಾ ಆ ಲಿನಕ್ಸ್ ಪೆಟ್ಟಿಗೆ ಅದಕ್ಕೆ ಸರಿಯಾದದ್ದು. ಹಲವು ರೂಟರ್‌ಗಳ ಪೇಜ್‌ನಲ್ಲೇ ಇದಕ್ಕೆ ಬಟನ್ ಇದೆ.

ನಡೆಸಿಕೊಂಡು ಹೋಗುವುದು

ವೈರ್‌ಗಾರ್ಡ್‌ನಲ್ಲಿ ಓಟಿಪಿ ಥರದ ಎರಡನೇ ಪರೀಕ್ಷೆ ಇಲ್ಲ. ಕೀ ಇದ್ದವರು ಒಳಗೆ. ಅಂದರೆ ಲ್ಯಾಪ್‌ಟಾಪ್ ಕಳೆದುಹೋದರೆ ಕೀ ಕೂಡ ಹೋದ ಹಾಗೆ. ಹಾಗಾಗಿ ಹೊರಗೆ ಓಡಾಡುವ ಲ್ಯಾಪ್‌ಟಾಪ್‌ಗಳ ಡಿಸ್ಕ್ ಎನ್‌ಕ್ರಿಪ್ಟ್ ಆಗಿರಬೇಕು, ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಪಾಸ್‌ವರ್ಡ್ ಸೇವ್ ಮಾಡಬಾರದು, ಕಳೆದ ತಕ್ಷಣ ಹೇಳಬೇಕು ಅನ್ನೋದು ಎಲ್ಲರಿಗೂ ಗೊತ್ತಿರಬೇಕು. ಹೇಳಿದ ಮರುಕ್ಷಣ ಸರ್ವರ್‌ನಲ್ಲಿ ಆ ಪಿಯರ್ ಅಳಿಸಿದರೆ ಆಯಿತು.

ಕೆಲಸ ಬಿಟ್ಟವರ ಪಿಯರ್ ಕೂಡ ಅದೇ ದಿನ ಅಳಿಸಿ, ಆಮೇಲೆ ನೋಡಿಕೊಳ್ಳೋಣ ಅನ್ನಬೇಡಿ. 2021ರ ಮೇ ತಿಂಗಳಲ್ಲಿ ಅಮೆರಿಕದ ಕೊಲೋನಿಯಲ್ ಪೈಪ್‌ಲೈನ್ ಕಂಪನಿಯ ಇಂಧನ ಸಾಗಣೆ ದಿನಗಟ್ಟಲೆ ನಿಂತುಹೋಯಿತಲ್ಲ, ಅಲ್ಲಿ ದಾಳಿಕೋರರು ಒಳಗೆ ಬಂದದ್ದು ಬಳಕೆಯಲ್ಲೇ ಇಲ್ಲದ ಒಂದು ಹಳೆಯ ವಿಪಿಎನ್ ಖಾತೆಯಿಂದ. ಪಾಸ್‌ವರ್ಡ್ ಸಿಕ್ಕಿತ್ತು, ಅದಕ್ಕೆ ಎರಡನೇ ಪರೀಕ್ಷೆ ಇರಲಿಲ್ಲ. ಮೂರು ತಿಂಗಳಿಗೊಮ್ಮೆ ಪಿಯರ್ ಪಟ್ಟಿ ತೆರೆದು, ಪ್ರತಿ ಸಾಲಿನ ಮುಂದೆ ಒಂದು ಹೆಸರು ಹೇಳಲು ಆಗುತ್ತದೆಯಾ ನೋಡಿ. ಹೇಳಲು ಆಗದ ಸಾಲು ಅಳಿಸಿ. ಬೇಕಾದವರು ತಾವೇ ಫೋನ್ ಮಾಡುತ್ತಾರೆ.

ಲಾಗ್ ನೋಡುವ ಅಭ್ಯಾಸ ಇರಲಿ. ಆಫೀಸ್ ಕಂಪ್ಯೂಟರ್‌ನ ಈವೆಂಟ್ ವ್ಯೂವರ್‌ನಲ್ಲಿ ಸೆಕ್ಯುರಿಟಿ ಭಾಗದಲ್ಲಿ 4624 ಅಂದರೆ ಲಾಗಿನ್ ಆಗಿದೆ, 4625 ಅಂದರೆ ಸೋತಿದೆ. ವಿಪಿಎನ್ ಹಿಂದೆ ಇರುವ ಕಂಪ್ಯೂಟರ್‌ನಲ್ಲಿ 4625 ಸಾಲು ಸಾಲಾಗಿ ಬಂದರೆ ಆಫೀಸಿನ ಒಳಗೇ ಏನೋ ಸರಿಯಿಲ್ಲ, ಅದೇ ದಿನ ಹುಡುಕಿ.

ಕೊನೆಗೆ ಕಾನ್ಫಿಗ್ ಬ್ಯಾಕಪ್. ಸರ್ವರ್‌ನ ಕಾನ್ಫಿಗ್ ಫೈಲ್ ಒಂದು ಪ್ರತಿ ಎನ್‌ಕ್ರಿಪ್ಟ್ ಮಾಡಿ ಬೇರೆ ಕಡೆ ಇಡಿ, ಅದರಲ್ಲಿ ಪ್ರೈವೇಟ್ ಕೀ ಇದೆ ಅನ್ನೋದು ನೆನಪಿರಲಿ. ಆ ಐಪಿ ಶೀಟ್, ರೂಟರ್ ಪಾಸ್‌ವರ್ಡ್ ಎರಡೂ ನಿಮ್ಮನ್ನು ಬಿಟ್ಟು ಇನ್ನೊಬ್ಬರ ಬಳಿಯೂ ಇರಲಿ. ಇಲ್ಲದಿದ್ದರೆ ನೀವು ರಜೆಯಲ್ಲಿದ್ದ ದಿನವೇ ಆ ಪೆಟ್ಟಿಗೆ ಕೈಕೊಡುತ್ತದೆ, ಸರಿ ಮಾಡಲು ಹೊರಗಿನಿಂದ ಬರೋಣ ಅಂದರೆ ಬರುವ ದಾರಿಯೇ ಅದು.